ಸೇರು ಅಂದರೆ ಎಷ್ಟು ಕಿಲೋ?

ನಮ್ಮ ಮನೆಯಲ್ಲಿ ಮದುವೆ ಇತ್ತು. ಅಡಿಗೆಯವರು ಚೀಟಿ ಬರೆಸಿದರು: ಅಕ್ಕಿ 50 ಸೇರು, ತೊಗರಿ ಬ್ಯಾಳಿ 12 ಸೇರು, ಬೆಳಗಿನ ಸುಸಲಾಕ್ಕೆ ಚುರುಮುರಿ 20 ಸೇರು. ಚೀಟಿ ಹಿಡಿದು ಗೋಗಿಯಿಂದ ಶಹಾಪುರಕ್ಕೆ ಹೋದೆ. ಅಂಗಡಿಯಲ್ಲಿ ಸೇರು ಎಲ್ಲಿಂದ ಬರಬೇಕು? ಎಲ್ಲಾ ಕಿಲೋ. 'ಸೇರು ಅಂದ್ರ ಕಿಲೋಕ್ಕ ಒಂಚೂರು ಕಮ್ಮಿ' ಎಂದು ಅಪ್ಪ ಹೇಳುತ್ತಿದ್ದುದು ನೆನಪಿತ್ತು. ಸೇರಿಗೊಂದು ಕಿಲೋ ಲೆಕ್ಕದಲ್ಲಿ ಹಾಕಿಸಿದೆ. ಚುರುಮುರಿ 20 ಕಿಲೋ ಅಂದಾಗ ಅಂಗಡಿಯವ 'ಜಾತ್ರಿ ಅದ ಏನ್ರಿ?' ಎಂದು ಕೇಳಿದ. ಆಗಾದರೂ ನನಗೆ ಎಚ್ಚರಾಗಬೇಕಿತ್ತು. ಚುರುಮುರಿ ಚೀಲ ಇಡಲು ಮನೆಯಲ್ಲಿ ಜಾಗ ಸಾಲಲಿಲ್ಲ. ಮರುದಿನ ಕೊನೆಯ ಪಂಕ್ತಿಗೆ ಅನ್ನ ಸಾಲಲಿಲ್ಲ. ಬೀಗರು ಎಲೆ ಮುಂದೆ ಕೂತಿದ್ದರು!

ಅಪ್ಪ ಹೇಳಿದ್ದು ಸುಳ್ಳಲ್ಲ. ಆದರೆ ಅದು ಬೇರೆ ಸೇರು. ಹಿಂದೆ ತೂಕದ ಸೇರು ಅಂತ ಇತ್ತು. 80 ತೊಲೆಗೆ ಒಂದು ಸೇರು, ಅಂದರೆ 933 ಗ್ರಾಂ. ಅಂಥ 40 ಸೇರಿಗೆ ಒಂದು ಮಣ. 1956ರ ಕಾಯ್ದೆಯಾಗಿ, 1958ರ ಅಕ್ಟೋಬರಿನಿಂದ ಕಿಲೋ ಬರುತ್ತಾ ಹೋದಂತೆ ಆ ಕಲ್ಲುಗಳು ಮೂಲೆ ಸೇರಿದವು. ಮನೆಯಲ್ಲಿ ಉಳಿದದ್ದು ಅಳೆಯುವ ಸೇರು, ಪಾತ್ರೆ. ಪಾತ್ರೆಗೆ ತೂಕ ಎಲ್ಲಿದೆ? ಒಳಗೆ ಏನು ಹಾಕಿದಿರಿ ಅದರ ಮೇಲೆ ತೂಕ.

ಮದುವೆ ಮುಗಿದ ಮೇಲೆ ನಮ್ಮ ಸೇರನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಒಯ್ದೆ. ಮೊದಲು ಬರಿ ಪಾತ್ರೆ ತೂಗಿ, ಆ ತೂಕ ಕಳೆದೆ. ಆಮೇಲೆ ಅಂಚಿನ ತನಕ ನೀರು. 1,400 ಗ್ರಾಂ ಬಂತು. ಒಂದು ಲೀಟರ್ ನೀರು ಒಂದು ಕಿಲೋ, ಹಾಗಾಗಿ ನಮ್ಮ ಸೇರು 1.4 ಲೀಟರಿನದು. ಇನ್ನು ಮಟ್ಟ ಅಳತೆಗೆ ಅಕ್ಕಿ 1,150 ಗ್ರಾಂ, ತೊಗರಿ ಬ್ಯಾಳಿ 1,130, ಬಿಳಿಜೋಳ 1,050. ಭತ್ತ 800 ಅಷ್ಟೇ, ಹೊಟ್ಟಿನ ನಡುವೆ ಗಾಳಿ ಕೂತಿರುತ್ತದೆ. ಚುರುಮುರಿ ಎಷ್ಟು ಗೊತ್ತೆ? 110 ಗ್ರಾಂ! 20 ಸೇರಿಗೆ 2 ಕಿಲೋ 200 ಗ್ರಾಂ ಸಾಕಿತ್ತು. ಅಕ್ಕಿ ಮಾತ್ರ 57 ಕಿಲೋ ಮೇಲೆ ಬೇಕಿತ್ತು.

ಹಿಟ್ಟಿನದು ಇನ್ನೂ ಕಿರಿಕಿರಿ. ಜೋಳದ ಹಿಟ್ಟು ಸಡಿಲಾಗಿ ಹಾಕಿದರೆ 750 ಗ್ರಾಂ, ಪಾತ್ರೆ ಕುಟ್ಟಿ ಕುಟ್ಟಿ ತುಂಬಿದರೆ 900. ಅದೇ ಪಾತ್ರೆ, ಅದೇ ಹಿಟ್ಟು! ಖಾರದಪುಡಿಯೂ ಹಾಗೇ. ಆದ್ದರಿಂದ ಹಿಟ್ಟು ಪುಡಿಗಳನ್ನು ತೂಗಿಯೇ ತರುವುದು ಒಳ್ಳೆಯದು. ಕಾಳಿಗೂ ತಲೆ ಏರಿಸಿ ಅಳೆದರೆ ನಮ್ಮ ಸೇರಿನಲ್ಲಿ ಸುಮಾರು 100 ಗ್ರಾಂ ಹೆಚ್ಚು ಬರುತ್ತದೆ. ಬಾಯಿ ಅಗಲ ಇದ್ದಷ್ಟೂ ತಲೆ ದೊಡ್ಡದು.

ಇದು ಬರಿ ಅಡಿಗೆಮನೆ ಮಾತಲ್ಲ. ಕಾಲುವೆ ಕಡೆಯವರು ಭತ್ತ ಕೊಟ್ಟು ಒಣಬೇಸಾಯದವರಿಂದ ಜೋಳ ಒಯ್ಯುವುದುಂಟು, ಸೇರಿಗೆ ಸೇರು. ನೋಡಲು ಸಮ ಸಮ. ತೂಗಿದರೆ ಜೋಳದವನು ಸೇರಿಗೆ 250 ಗ್ರಾಂ ಹೆಚ್ಚು ಕೊಟ್ಟಿರುತ್ತಾನೆ. ಭತ್ತ ಗಿರಣಿಗೆ ಹಾಕಿಸಿದರೆ ನೂರಕ್ಕೆ 65ರ ಸುಮಾರು ಅಕ್ಕಿ. 800 ಗ್ರಾಂ ಭತ್ತಕ್ಕೆ 520 ಗ್ರಾಂ, ಅರ್ಧ ಸೇರು ಅಕ್ಕಿಯೂ ಇಲ್ಲ. ಇಬ್ಬರ ದರ ನೋಡಿಕೊಂಡು ಮಾಡುವುದಾದರೆ ಮಾಡಲಿ. ಆದರೆ ಲೆಕ್ಕ ಗೊತ್ತಿದ್ದು ಮಾಡಬೇಕು. ಕೂಲಿಗೆ ಕಾಳು ಅಳೆಯುವಾಗಲೂ ಇದೇ ಮಾತು, ಕೊಡುವವರಿಗೂ ಪಡೆಯುವವರಿಗೂ.

ನನ್ನ ಅಂಕಿಗಳನ್ನು ಹಾಗೇ ಬರೆದುಕೊಳ್ಳಬೇಡಿ. ನಿಮ್ಮ ಸೇರಿನಲ್ಲಿ ನೀರು 1,200 ಗ್ರಾಂ ಹಿಡಿದರೆ ಎಲ್ಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ನೀರಿನ ತೂಕದ ಮುಕ್ಕಾಲು ಪಾಲು ಜೋಳದ ತೂಕ, ಐದರಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು ಅಕ್ಕಿಯದು. ಎರಡು ಅಚ್ಛೇರು ಹಾಕಿದರೆ ಸೇರು ತುಂಬುತ್ತದೆಯೇ ಎಂದೂ ನೋಡಿಬಿಡಿ. ನಮ್ಮ ಹಿತ್ತಾಳೆ ಪಾವು ಬಿದ್ದು ಬಿದ್ದು ನೆಗ್ಗಿದೆ. ಅದರ ನಾಲ್ಕು ಪಾವಿಗೆ ಸೇರು ತುಂಬುತ್ತಲೇ ಇಲ್ಲ. ಈಗ ಅದು ದನಕ್ಕೆ ಹಿಂಡಿ ಹಾಕಲು ಇದೆ. ಕಾಳಿನ ತೂಕಗಳನ್ನು ಕಣಜದ ಪಕ್ಕದ ಗೋಡೆಗೆ ಬಣ್ಣದಿಂದ ಬರೆಸಿದ್ದೇನೆ, ಚುರುಮುರಿಯದನ್ನು ಎಲ್ಲಕ್ಕಿಂತ ಮೇಲೆ.