ವಿದ್ಯುತ್ ಗಿಟಾರಿನ ಎರಡು ಪಿಕಪ್ಪುಗಳ ನಾದಮಿಶ್ರಣ: ಜೋಡಣೆಯ ಕೆಲವು ಕ್ರಮಗಳು

ವಿಲ್ಫಿ ರೆಬಿಂಬಸ್ (1942–2010) ಅವರ ಗೀತಸಂಜೆಗಳಿಂದ ಮೊದಲ್ಗೊಂಡು ಶಕ್ತಿನಗರದ ಕಲಾಂಗಣದ ಕಾರ್ಯಕ್ರಮಗಳವರೆಗೆ, ಮಂಗಳೂರಿನ ಕೊಂಕಣಿ ಗಾಯನಕ್ಕೆ ಗಿಟಾರು ಒತ್ತಾಸೆಯಾಗಿ ನಿಂತಿರುವುದು ವಿದಿತವೇ ಇದೆ. ವೇದಿಕೆಯಲ್ಲಿ ವಿದ್ಯುತ್ ಗಿಟಾರು ನುಡಿಸುವವನು ಒಂದು ಪಿಕಪ್ಪಿನ ಧ್ವನಿಯನ್ನು ಪೂರ್ಣವಾಗಿ ತಗ್ಗಿಸಿದೊಡನೆ ಇಡೀ ವಾದ್ಯವೇ ಮೂಕವಾಗುವುದುಂಟು. ಇದು ವಾದ್ಯದ ದೋಷವಲ್ಲ, ಜೋಡಣೆಯ ಸ್ವಭಾವ ಎಂಬುದನ್ನು ಇಲ್ಲಿ ವಿಶದಪಡಿಸುತ್ತೇವೆ.

ಅಯಸ್ಕಾಂತದ ಸುತ್ತ ಸಾವಿರಾರು ಸುತ್ತುಗಳ ತಾಮ್ರದ ಸುರುಳಿಯೇ ಪಿಕಪ್ಪು. ಉಕ್ಕಿನ ತಂತಿಯು ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಫ್ಯಾರಡೆಯು 1831ರಲ್ಲಿ ಕಂಡುಕೊಂಡ ತತ್ತ್ವವಿದು. ಕತ್ತಿನ ಬಳಿಯ ಪಿಕಪ್ಪಿನ ನಾದ ಗಂಭೀರ. ಕುದುರೆಯ ಬಳಿಯದು ತೀಕ್ಷ್ಣ. ಇವೆರಡನ್ನೂ ಬೆರೆಸುವ ಆಸೆ ಹೊಸತಲ್ಲ. 1950ರಲ್ಲಿ ಫೆಂಡರ್ ಸಂಸ್ಥೆಯು ಹೊರತಂದ ಬ್ರಾಡ್‌ಕಾಸ್ಟರ್ ಗಿಟಾರಿನಲ್ಲಿಯೇ ಕುದುರೆಯ ಪಿಕಪ್ಪಿಗೆ ಕತ್ತಿನದನ್ನು ಬೆರೆಸುವ ಗುಂಡಿಯೊಂದಿತ್ತು.

ಮೊದಲನೆಯದು ಸಮಾಂತರ ಜೋಡಣೆ. ಪ್ರತಿಯೊಂದು ಪಿಕಪ್ಪಿಗೂ 250 ಅಥವಾ 500 ಕಿಲೋ ಓಮಿನ ಒಂದು ಧ್ವನಿಗುಂಡಿ. ಸಾಮಾನ್ಯ ಕ್ರಮದಲ್ಲಿ ಗುಂಡಿಯ ನಡುವಣ ತುದಿಯು ನಿರ್ಗಮಕ್ಕೆ ಸೇರಿರುತ್ತದೆ. ಒಂದು ಗುಂಡಿಯನ್ನು ಸೊನ್ನೆಗೆ ತಿರುಗಿಸಿದರೆ ಆ ತುದಿಯು ನೆಲತಂತಿಗೆ ತಾಗಿ, ಎರಡಕ್ಕೂ ಸಮಾನವಾದ ನಿರ್ಗಮವನ್ನೇ ಮುಚ್ಚುತ್ತದೆ. ಪಿಕಪ್ಪನ್ನು ನಡುವಣ ತುದಿಗೂ ನಿರ್ಗಮವನ್ನು ಹೊರತುದಿಗೂ ಬದಲಿಸಿ ಬೆಸೆದರೆ ಈ ತೊಡಕು ನೀಗುತ್ತದೆ. ಆದರೆ ಗುಂಡಿಯನ್ನು ತಗ್ಗಿಸಿದಂತೆ ಪಿಕಪ್ಪಿನ ಮೇಲಣ ಹೊರೆ ಹೆಚ್ಚಿ, ತಾರಸ್ವರಗಳ ಹೊಳಪು ಕುಂದುತ್ತದೆ. ಒಂದೇ ಗುಂಡಿಯಿಂದ ಎರಡನ್ನೂ ಬೆರೆಸುವ ಜೋಡಿ ಪೊಟೆನ್ಶಿಯೋಮೀಟರು ಸಹ ಉಂಟು. ಅದರ ಪ್ರತಿಯೊಂದು ಪಟ್ಟಿಯ ಅರ್ಧಭಾಗವು ರೋಧರಹಿತವಾಗಿರುವುದರಿಂದ, ಗುಂಡಿಯು ನಡುವಿನಲ್ಲಿರುವಾಗ ಎರಡು ಪಿಕಪ್ಪುಗಳೂ ಪೂರ್ಣವಾಗಿ ನುಡಿಯುತ್ತವೆ.

ಎರಡನೆಯದು ಶ್ರೇಣಿ ಜೋಡಣೆ. 7 ಕಿಲೋ ಓಮಿನ ಎರಡು ಸುರುಳಿಗಳು ಇಲ್ಲಿ 14 ಆಗುತ್ತವೆ, ಸಮಾಂತರದಲ್ಲಾದರೋ 3.5 ಮಾತ್ರ. ಪ್ರೇರಕತ್ವವೂ ಹೀಗೆಯೇ ಶ್ರೇಣಿಯಲ್ಲಿ ಸರಿಸುಮಾರು ಇಮ್ಮಡಿಯಾಗಿ, ಅನುರಣನದ ಆವರ್ತವು ಒಂದೇ ಸುರುಳಿಯದಕ್ಕಿಂತ ಸುಮಾರು 0.7 ಪಾಲಿಗೆ ಇಳಿಯುತ್ತದೆ. ಆದುದರಿಂದ ಧ್ವನಿ ದೊಡ್ಡದು, ನಾದ ಮಂದ. ಒಂದು ಸುರುಳಿಗೆ ಅಡ್ಡಲಾಗಿ ಗುಂಡಿಯೊಂದನ್ನು ಕೂಡಿಸಿದರೆ, ಇನ್ನೊಂದನ್ನು ಮೂಕವಾಗಿಸದೆ ಅದನ್ನು ಕ್ರಮೇಣ ತಗ್ಗಿಸಬಹುದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಸಭಾಂಗಣದ ದೀಪಗಳ ಹಾಗೂ ವಿದ್ಯುತ್ ಮಾರ್ಗಗಳ 50 ಆವರ್ತದ ಗುಂಯ್‌ಗುಟ್ಟುವಿಕೆಯನ್ನು ಸುರುಳಿಯು ಗ್ರಹಿಸುತ್ತದೆ. ಒಂದು ಪಿಕಪ್ಪಿನ ಸುತ್ತಿನ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ಕೂಡಿಯೇ ತಿರುವಿದ್ದರೆ ತಂತಿಯ ನಾದಗಳು ಕೂಡುತ್ತವೆ, ಗದ್ದಲವು ಪರಸ್ಪರ ಕಳೆದುಹೋಗುತ್ತದೆ. ಎರಡರಲ್ಲಿ ಒಂದನ್ನೇ ತಿರುವಿದರೆ ನಾದವೇ ಕಳೆದು ತೆಳುವಾಗುತ್ತದೆ. ಗದ್ದಲದ ಈ ನಿವಾರಣೆ ಎರಡೂ ಸಮಪ್ರಮಾಣದಲ್ಲಿರುವಾಗ ಮಾತ್ರ ಪೂರ್ಣ. ಬೆರಕೆಯನ್ನು ಒಂದು ಕಡೆಗೆ ವಾಲಿಸಿದಷ್ಟೂ ಗದ್ದಲವು ಮರಳುತ್ತದೆ.

ಇದರಿಂದ ನಾದಮಿಶ್ರಣವು ಕೇವಲ ಸಂಕಲನವಲ್ಲವೆಂದೂ, ಪ್ರತಿಯೊಂದು ಪಿಕಪ್ಪು ಇನ್ನೊಂದಕ್ಕೆ ಹೊರೆಯಾಗುವುದೆಂದೂ ಸ್ಪಷ್ಟವಾಗುತ್ತದೆ. ಹಾಡಿನಿಂದ ಹಾಡಿಗೆ ಬೇಗನೆ ನಾದ ಬದಲಿಸಬೇಕಾದ ವಾದಕನಿಗೆ ಜೋಡಿ ಗುಂಡಿಯು ಅನುಕೂಲ. ಗಾಯಕನ ಕಂಠಕ್ಕೆ ತುಂಬಿದ ಆಧಾರ ಬೇಕಾದಲ್ಲಿ ಶ್ರೇಣಿಯು ಲೇಸು. ಕಡಲತೀರದ ತೇವಗಾಳಿಯು ಸಂಪರ್ಕಗಳಿಗೆ ಕಿಲುಬು ಹಿಡಿಸುವುದರಿಂದ, ಯಾವ ಕ್ರಮವಾದರೂ ಗುಂಡಿಗಳು ಮಿತವಾಗಿದ್ದಷ್ಟೂ ಒಳಿತೆಂಬುದು ನಮ್ಮ ಅಭಿಪ್ರಾಯ.