ಜೇನಂಟು: ಯಾವ ನೊಣದ್ದು, ಯಾವ ಮರದ್ದು?

‘ಪ್ರೊಪೋಲಿಸ್’ ಎಂಬ ಕಂದು ದ್ರವದ ಪುಟ್ಟ ಸೀಸೆಗಳು ಈಗ ಪುಣೆಯಲ್ಲಿಯೂ ಮಾರಾಟಕ್ಕೆ ದೊರೆಯುತ್ತವೆ. ಬಾಯಿಹುಣ್ಣಿಗೆ ಒಳ್ಳೆಯದೆಂದು ಕೇಳಿ ನನ್ನ ಅತ್ತಿಗೆಯವರು ಕಳೆದ ವರ್ಷ ಒಂದನ್ನು ಕೊಂಡರು. ಎರಡು ದಿನ ಲೇಪಿಸುವಷ್ಟರಲ್ಲಿ ತುಟಿ ಬಾತು, ಸುತ್ತಲೂ ನೀರ್ಗುಳ್ಳೆಗಳೆದ್ದವು. ಊರಿನಲ್ಲಿ ಮಾವಿನ ಸೊನೆ ತಾಗಿದಾಗಲೂ ಅವರಿಗೆ ಹೀಗೆಯೇ ಆಗುತ್ತಿತ್ತು. ಈ ಎರಡಕ್ಕೂ ನಂಟಿರಬಹುದೆ?

ಪ್ರೊಪೋಲಿಸ್ ಎಂಬುದು ಗ್ರೀಕ್ ಶಬ್ದ. ‘ನಗರದ ಮುಂದಿನದು’ ಎಂದರ್ಥ. ಗೂಡಿನ ಬಿರುಕುಗಳನ್ನು ಮುಚ್ಚಲು, ಬಾಗಿಲನ್ನು ಕಿರಿದುಗೊಳಿಸಲು ನೊಣಗಳು ಬಳಸುವ ಈ ಅಂಟು ಅವುಗಳ ಮೈಯಲ್ಲಿ ಹುಟ್ಟುವುದಲ್ಲ. ಗಿಡಮರಗಳ ಮೊಗ್ಗು, ತೊಗಟೆಗಳಿಂದ ಕೆರೆದು ತಂದದ್ದು. ಸ್ಥೂಲವಾಗಿ ಇದರಲ್ಲಿ ಶೇಕಡಾ 50 ಭಾಗ ರಾಳ, 30 ಭಾಗ ಮೇಣ, 10 ಭಾಗ ಸುಗಂಧ ತೈಲ, ಉಳಿದದ್ದು ಪರಾಗ ಮುಂತಾದುವು. ಮೇಣ ನೊಣದ್ದು, ಗುಣವೆಲ್ಲ ಬಹುಮಟ್ಟಿಗೆ ಮರದ್ದು.

ಎಲ್ಲ ಜೇನುಗಳೂ ಇದನ್ನು ಸಂಗ್ರಹಿಸುವುದಿಲ್ಲ. ಮರಾಠಿ ನೆರೆಯವರು ‘ಸಾತೇರಿ’ ಎನ್ನುವ ನಮ್ಮ ತುಡುವೆ ಜೇನು ಅಂಟಿನ ಗೋಜಿಗೆ ಹೋಗುವುದಿಲ್ಲವೆಂದೇ ಹೇಳಬಹುದು. ಅವರ ‘ಫುಲೋರಿ’, ಅಂದರೆ ನಮ್ಮ ಕೋಲುಜೇನು, ಇರುವೆಗಳು ಬಾರದಂತೆ ಗೂಡು ತೂಗುವ ಕೊಂಬೆಗೆ ಅಂಟಿನ ಪಟ್ಟಿಯನ್ನು ಬಳಿಯುತ್ತದೆ, ಎಂತಹ ಜಾಣ್ಮೆ! ಮುಜಂಟಿಯಾದರೋ ರಾಳ, ಮೇಣಗಳನ್ನು ಬೆರೆಸಿ ಮನೆಯನ್ನೇ ಕಟ್ಟುತ್ತದೆ. ಆದುದರಿಂದ ಮಾರುಕಟ್ಟೆಯ ಅಂಟು ಸಾಮಾನ್ಯವಾಗಿ ಮುಜಂಟಿಯದು, ಇಲ್ಲವೆ 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿದ ಯುರೋಪಿನ ಮೆಲ್ಲಿಫೆರಾ ಜೇನಿನದು. (ಜೇನಿನ ಬಗೆಗೆ ಆಸಕ್ತಿಯುಳ್ಳವರಿಗಾಗಿ ನಮ್ಮ ಗಣೇಶಖಿಂಡ್ ರಸ್ತೆಯಲ್ಲಿಯೇ 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆಯಿದೆ.)

ಇನ್ನು ಮರಗಳ ವಿಚಾರ. ಯುರೋಪಿನ ಅಂಟು ಬಹುತೇಕ ಪಾಪ್ಲರ್ ಮೊಗ್ಗಿನದು. ಪಿನೋಸೆಂಬ್ರಿನ್, ಗ್ಯಾಲಂಜಿನ್, ಕ್ರೈಸಿನ್ ಎಂಬ ಫ್ಲೇವನಾಯ್ಡುಗಳೂ ಕೆಫೀಕ್ ಆಮ್ಲದ ಎಸ್ಟರುಗಳೂ ಅದರಲ್ಲಿವೆ. ಬ್ರೆಜಿಲಿನ ಹಸಿರು ಅಂಟಿನಲ್ಲಿ ಬ್ಯಾಕ್ಕಾರಿಸ್ ಗಿಡದಿಂದ ಬಂದ ಆರ್ಟೆಪಿಲ್ಲಿನ್-ಸಿ ಪ್ರಧಾನ. ತೈವಾನಿನಲ್ಲಿ ನಮ್ಮ ಕರಾವಳಿಯ ಉಪ್ಪಳಿಗೆಯ ಸೋದರ ಮರವೊಂದು ಆಕರ. ಥಾಯ್ಲೆಂಡ್, ಇಂಡೋನೇಷ್ಯಾಗಳ ಕೆಲವು ಅಂಟುಗಳಲ್ಲಿ ಮಾವಿನ ಮರದ ಕಾರ್ಡಾಲ್ ವರ್ಗದ ದ್ರವ್ಯಗಳು ಕಂಡುಬಂದಿವೆ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಸುಡುವುದು ಈ ವರ್ಗದ ದ್ರವ್ಯಗಳಿಂದಲೇ! ಅತ್ತಿಗೆಯವರ ತುಟಿಯನ್ನು ಕೆಡಿಸಿದ್ದು ಇದೇ ಇರಬಹುದು. ಖಚಿತವಾಗಿ ಹೇಳಲಾಗದು, ಏಕೆಂದರೆ ಪಾಪ್ಲರ್ ಅಂಟಿನ ಎಸ್ಟರುಗಳೂ ಚರ್ಮದ ಅಲರ್ಜಿಗೆ ಕಾರಣವಾಗುತ್ತವೆ.

ಹೀಗಿರುವಾಗ ಒಂದು ದೇಶದ ಅಂಟಿನ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದು ದೇಶದ ಸೀಸೆಗೆ ಅಂಟಿಸುವುದು ಸಲ್ಲದು. ಸೊನೆ ಆಗದವರು, ಜೇನು ಪದಾರ್ಥ ಒಗ್ಗದವರು, ಆಸ್ತಮಾ ಉಳ್ಳವರು ಇದರಿಂದ ದೂರವಿರುವುದು ಲೇಸು. ಅನೇಕ ಸೀಸೆಗಳಲ್ಲಿ ಮದ್ಯಸಾರವಿರುವುದರಿಂದ ಶಿಶುಗಳಿಗಂತೂ ಕೊಡಲೇಬಾರದು. ಮೂರು ವಾರಗಳಾದರೂ ಮಾಯದ ಬಾಯಿಹುಣ್ಣಿಗೆ, ಅದರಲ್ಲಿಯೂ ತಂಬಾಕಿನ ಅಭ್ಯಾಸವಿದ್ದವರಿಗೆ, ಯಾವ ಅಂಟೂ ಬೇಡ, ವೈದ್ಯರು ನೋಡಲಿ.

ಅತ್ತಿಗೆಯವರ ತುಟಿ ವಾರದಲ್ಲಿ ವಾಸಿಯಾಯಿತು. ಸೀಸೆಯಲ್ಲಿದ್ದುದು ಯಾವ ಅಂಟೆಂದು ಚರ್ಮವೈದ್ಯರು ಕೇಳಿದರು. ಚೀಟಿಯ ಮೇಲೆ ನೊಣದ ಹೆಸರೂ ಇರಲಿಲ್ಲ, ಮರದ ಹೆಸರೂ ಇರಲಿಲ್ಲ.