ಕಾಗವಾಡದ 327 ಮತ

2018ರ ವಿಧಾನಸಭಾ ಚುನಾವಣೆಯಲ್ಲಿ ಕಾಗವಾಡದಲ್ಲಿ ಕೈ ಗುರುತಿಗೆ ಬಿದ್ದ ಮತ 83,060. ಐದು ವರ್ಷ ಬಿಟ್ಟು 2023ರಲ್ಲಿ ಅದೇ ಊರುಗಳಲ್ಲಿ ಅದೇ ಗುರುತಿಗೆ ಬಿದ್ದದ್ದು 83,387. ವ್ಯತ್ಯಾಸ ಬರೀ 327. ಕಾಂಗ್ರೆಸ್ಸಿನ ಮತಬುಟ್ಟಿ ಎಷ್ಟು ಗಟ್ಟಿ ನೋಡಿ ಎಂದು ಯಾರಾದರೂ ಹೇಳುವ ಮೊದಲೇ ಒಂದು ಮಾತು: ಮೊದಲ ಸಲ ಕೈ ಹಿಡಿದು ಗೆದ್ದವರು ಶ್ರೀಮಂತ ಪಾಟೀಲರು, ಕಮಲ ಹಿಡಿದು 32,942 ಮತಗಳಿಂದ ಸೋತವರು ರಾಜು ಕಾಗೆ. ಎರಡನೆಯ ಸಲ ಕೈ ಹಿಡಿದು ಗೆದ್ದವರು ರಾಜು ಕಾಗೆ, ಕಮಲ ಹಿಡಿದು ಸೋತವರು ಶ್ರೀಮಂತ ಪಾಟೀಲರು. ನಡುವೆ 2019ರ ಉಪಚುನಾವಣೆಯಲ್ಲಿ ಇದೇ ಕಾಗೆಯವರು ಇದೇ ಕೈ ಗುರುತಿನಲ್ಲಿ 58,395ಕ್ಕೇ ನಿಂತಿದ್ದರು. ಮತ ಗುರುತಿನದೋ ಮನುಷ್ಯನದೋ ಎಂದು ಕೇಳಿದರೆ ಈ ಮೂರು ಅಂಕಿಗಳು ಮೂರು ಉತ್ತರ ಕೊಡುತ್ತವೆ.

ಪಕ್ಕದ ಅಥಣಿಯಲ್ಲಿಯೂ ಇದೇ ಅದಲುಬದಲು. 2018ರಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿದ್ದು 2,331 ಮತಗಳಿಂದ. 2019ರ ಜುಲೈನಲ್ಲಿ ಕುಮಠಳ್ಳಿ, ಪಾಟೀಲ ಸೇರಿ ರಾಜ್ಯದ 17 ಶಾಸಕರು ಅನರ್ಹರಾದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು, ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು. ಮರುದಿನವೇ ಇಬ್ಬರೂ ಬಿಜೆಪಿ ಸೇರಿದರು. ಡಿಸೆಂಬರ್ 5ಕ್ಕೆ ಉಪಚುನಾವಣೆಯ ಮತದಾನ. ಹೊಸ ಪಕ್ಷದಲ್ಲಿ ಕಳೆದದ್ದು 21 ದಿನ. ಕುಮಠಳ್ಳಿಯವರ ಗೆಲುವಿನ ಅಂತರ 39,989. ಆಗ ಉಪಮುಖ್ಯಮಂತ್ರಿಯಾಗಿದ್ದ ಸವದಿಯವರಿಗೆ, ತಮ್ಮನ್ನು ಸೋಲಿಸಿದವರೇ ಸ್ವಪಕ್ಷದವರಾಗಿಬಿಟ್ಟಿದ್ದರು.

ಒಂದೇ ಒರೆಯಲ್ಲಿ ಎರಡು ಕತ್ತಿ ಎಷ್ಟು ದಿನ? 2023ರ ಏಪ್ರಿಲ್ 11ರಂದು ಬಿಜೆಪಿ 189 ಹೆಸರುಗಳ ಮೊದಲ ಪಟ್ಟಿ ಬಿಟ್ಟಿತು. ಅಥಣಿಯ ಟಿಕೆಟ್ ಕುಮಠಳ್ಳಿಗೆ. ಸವದಿ ಏಪ್ರಿಲ್ 14ರಂದು ಕಾಂಗ್ರೆಸ್ ಸೇರಿದರು. ನಾಮಪತ್ರಕ್ಕೆ ಇನ್ನು ಆರು ದಿನ, ಮತದಾನಕ್ಕೆ 26 ದಿನ. ಫಲಿತಾಂಶ: ಸವದಿ 1,31,404, ಕುಮಠಳ್ಳಿ 55,282. ಟಿಕೆಟ್ ತೀರ್ಮಾನಿಸುವ ಬಿಜೆಪಿಯ ಕೇಂದ್ರ ಚುನಾವಣಾ ಸಮಿತಿ 2022ರ ಆಗಸ್ಟ್‌ನಲ್ಲಿ ರಚನೆಯಾದಾಗ ಅದರಲ್ಲಿದ್ದವರು 15 ಮಂದಿ. ಈ ಇಬ್ಬರು ಅಭ್ಯರ್ಥಿಗಳು ಹಂಚಿಕೊಂಡ ಮತಗಳನ್ನು ಹದಿನೈದರಿಂದ ಭಾಗಿಸಿದರೆ ಸಮಿತಿಯ ಒಬ್ಬೊಬ್ಬ ಸದಸ್ಯರ ಪಾಲಿಗೆ ಸುಮಾರು 12,446 ಅಥಣಿ ಮತದಾರರು ಬರುತ್ತಾರೆ. ಇದು ಒಂದೇ ಕ್ಷೇತ್ರದ ಲೆಕ್ಕ. ಕಾಂಗ್ರೆಸ್ಸಿನ ಲೆಕ್ಕ ತೆಗೆದರೂ ಬಹಳ ಬೇರೆಯಾಗಲಿಕ್ಕಿಲ್ಲ.

ಈಗ ಈ 26 ದಿನವನ್ನು ನ್ಯೂಯಾರ್ಕಿನ ಪಕ್ಕ ಇಟ್ಟು ನೋಡಿ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವುದಕ್ಕೂ ಜನ ಮತ ಹಾಕುತ್ತಾರೆ; ನ್ಯೂಯಾರ್ಕಿನಂಥ ರಾಜ್ಯದಲ್ಲಿ ಹಾಗೆ ಹಾಕಬೇಕಾದರೆ ಸರ್ಕಾರದ ದಫ್ತರದಲ್ಲಿ ಆ ಪಕ್ಷದವರೆಂದು ಮೊದಲೇ ಬರೆಸಿರಬೇಕು. 2016ರ ಏಪ್ರಿಲ್ 19ರ ಮತದಾನಕ್ಕೆ, ಆಗಲೇ ಹೆಸರು ಬರೆಸಿದ್ದವರು ಪಕ್ಷ ಬದಲಿಸಲು ಕೊನೆಯ ದಿನ 2015ರ ಅಕ್ಟೋಬರ್ 9 ಆಗಿತ್ತು. ನಡುವೆ 193 ದಿನ! ಡೊನಾಲ್ಡ್ ಟ್ರಂಪ್ ಅವರ ಮಗಳು ಇವಾಂಕಾ, ಮಗ ಎರಿಕ್ ಗಡುವು ತಪ್ಪಿಸಿಕೊಂಡು ಸ್ವಂತ ಅಪ್ಪನಿಗೇ ಮತ ಹಾಕಲಾಗದೆ ಉಳಿದರು. ಅಲ್ಲಿ ಆಗ ಪಕ್ಷ ಬದಲಿಸುವ ಮತದಾರನಿಗೆ 193 ದಿನದ ತಡೆಯಿತ್ತು; ನಮ್ಮಲ್ಲಿ ಪಕ್ಷ ಬದಲಿಸುವ ಅಭ್ಯರ್ಥಿಗೆ, ಪಕ್ಷ ಕೊಡುವ ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಮೇಜಿಗೆ ಮುಟ್ಟಿದರೆ ಸಾಕು. ನಿಮ್ಮ ಪಕ್ಷ ಯಾವುದೆಂದು ನಮ್ಮ ಮತದಾರರ ಪಟ್ಟಿಯ ಅರ್ಜಿ ಕೇಳುವುದೇ ಇಲ್ಲ.

ಹಾಗಂತ ಸದಸ್ಯರಿಗಷ್ಟೇ ಮತ ಎಂಬ ನಿಯಮ ಚಿಕ್ಕೋಡಿ, ನಿಪ್ಪಾಣಿ ಕಡೆಯವರಿಗೆ ಹೊಸದಲ್ಲ. ದೂಧಗಂಗಾ ಕೃಷ್ಣಾ, ಹಾಲಸಿದ್ಧನಾಥ ಸಕ್ಕರೆ ಕಾರ್ಖಾನೆಗಳ ಷೇರುದಾರ ರೈತರನ್ನು ಕೇಳಿ. ಸಹಕಾರಿ ಚುನಾವಣೆಯಲ್ಲಿ ಷೇರು ಇದ್ದರಷ್ಟೇ ಸಾಲದು. ಸುಸ್ತಿದಾರನಾದರೆ ಮತವಿಲ್ಲ, ಸಾಮಾನ್ಯ ಸಭೆಗಳಿಗೆ ಹೋಗದಿದ್ದರೂ ಹೆಸರು ಅನರ್ಹರ ಪಟ್ಟಿಗೆ. ಕಬ್ಬಿನ ಕಾರ್ಖಾನೆಗಿರುವಷ್ಟು ಕಟ್ಟುನಿಟ್ಟು, ಶಾಸಕರ ಟಿಕೆಟ್ ಹಂಚುವ ಪಕ್ಷಕ್ಕೆ ಕಾನೂನಿನಲ್ಲಿ ಇಲ್ಲ. ಪಕ್ಷ ನೋಂದಾಯಿಸಲು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನಡಿ ಅರ್ಜಿ ಹಾಕಬೇಕು. ಚುನಾವಣಾ ಆಯೋಗ ಕೇಳುವುದು 100 ಸದಸ್ಯರು, 10,000 ರೂಪಾಯಿ ಶುಲ್ಕ. ತಾವು ಬೇರೆ ಪಕ್ಷದಲ್ಲಿಲ್ಲ ಎಂದು ಪ್ರಮಾಣಪತ್ರ ಕೊಡಬೇಕಾದವರೂ ಈ ನೂರು ಮಂದಿಯೇ. ಇಷ್ಟು ಸಲೀಸಾದ್ದರಿಂದಲೇ 2025ರ ಆಗಸ್ಟ್‌ನಲ್ಲಿ ಆಯೋಗ 334 ಪಕ್ಷಗಳನ್ನು ಪಟ್ಟಿಯಿಂದ ಕಿತ್ತುಹಾಕಿದ ಮೇಲೂ ಮಾನ್ಯತೆಯಿಲ್ಲದ ಪಕ್ಷಗಳೇ 2,520 ಉಳಿದಿದ್ದವು.

ಕರ್ನಾಟಕದಲ್ಲಿ ಅಮೆರಿಕದ ಮಾದರಿಯ ಒಂದು ಪ್ರಯೋಗವೂ ಆಯಿತು. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಪಕ್ಷದೊಳಗೇ ಮತ ಹಾಕಿಸಿ ಅಭ್ಯರ್ಥಿಗಳನ್ನು ಆರಿಸಿತು. ಆಯ್ಕೆಯಾದವರು ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ. ಜನರ ಮುಂದೆ ಹೋದಾಗ ಮೊದಲನೆಯವರು 2,29,764 ಮತಗಳಿಂದ, ಎರಡನೆಯವರು 1,43,709 ಮತಗಳಿಂದ ಸೋತರು. ಇಂಥ ಒಳಮತದಾನವಿಲ್ಲದೆ ಚಿಕ್ಕೋಡಿಯಲ್ಲಿ ಟಿಕೆಟ್ ಪಡೆದ ಪ್ರಕಾಶ ಹುಕ್ಕೇರಿ 3,003 ಮತಗಳಿಂದ ಗೆದ್ದರು. ಆ ಪ್ರಯೋಗ ಮುಂದುವರಿಯದ್ದಕ್ಕೆ ನನಗಂತೂ ಆಶ್ಚರ್ಯವಿಲ್ಲ.

ಹೀಗಾಗಿ ಚಿಕ್ಕೋಡಿ ಸೀಮೆಯಲ್ಲಿ ಪಕ್ಷದ ಒಳಗೆ ಮುಗಿಯಬೇಕಾದ ಜಗಳ ಸಾರ್ವಜನಿಕ ಮತಗಟ್ಟೆಯಲ್ಲೇ ಮುಗಿಯಬೇಕು. 2023ರಲ್ಲಿ ಮೀಸಲು ಕ್ಷೇತ್ರವಾದ ರಾಯಬಾಗದಲ್ಲಿ ಶಂಭು ಕಲ್ಲೋಳಿಕರ ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತರು. ಮಾನ್ಯತೆ ಪಡೆದ ಪಕ್ಷದ ಬಿ ಫಾರಂ ಇದ್ದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಮಂದಿ ಬೇಕು. ಆ ಹತ್ತು ಸಹಿಯಿಂದ ಶುರುವಾದದ್ದು 54,930 ಮತಕ್ಕೆ ಹೋಗಿ ಮುಟ್ಟಿತು. ಬಿಜೆಪಿಯ ದುರ್ಯೋಧನ ಐಹೊಳೆ ಬಚಾವಾದದ್ದು 2,570 ಮತಗಳಿಂದ. ಟಿಕೆಟ್ ಕೊಡದ ಕಾಂಗ್ರೆಸ್ಸಿಗೆ ಎರಡನೆಯ ಸ್ಥಾನವೂ ಸಿಗಲಿಲ್ಲ. ಮರುವರ್ಷ ಕಲ್ಲೋಳಿಕರ ಚಿಕ್ಕೋಡಿ ಲೋಕಸಭೆಗೂ ಪಕ್ಷೇತರರಾಗಿಯೇ ನಿಂತರು. ರಾಯಬಾಗವೂ ಸೇರಿ ಎಂಟು ವಿಧಾನಸಭಾ ಕ್ಷೇತ್ರ ಕೂಡಿ ಅವರಿಗೆ ಕೊಟ್ಟದ್ದು, ಒಂದು ವರ್ಷದ ಹಿಂದೆ ರಾಯಬಾಗ ಒಂದೇ ಕೊಟ್ಟದ್ದರ ಅರ್ಧವೂ ಅಲ್ಲ.